ಕಡಲಾಮೆಗೆ ಪ್ರಾಯೋಜಕರಾಗುವ ಮುನ್ನ: ಮುಂಬಯಿ ಕನ್ನಡಿಗರಿಗೆ ಒಂದು ಕೈಪಿಡಿ

ಹುಟ್ಟುಹಬ್ಬಕ್ಕೆ ಆಟಿಕೆಯ ಬದಲು ಕಡಲಾಮೆಯೊಂದನ್ನು ‘ದತ್ತು’ ಕೊಡಿಸುವ ರೂಢಿ ಮುಂಬಯಿಯ ಕನ್ನಡ ಮನೆಗಳಿಗೂ ಬರತೊಡಗಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪ ಮೊಬೈಲ್‌ನಲ್ಲೇ ಹಣ ಕಟ್ಟುತ್ತಾರೆ. ಡೊಂಬಿವಲಿಯ ಫ್ಲ್ಯಾಟಿಗೆ ಪ್ರಮಾಣಪತ್ರ, ಆಮೆಯ ಹೆಸರು ಮತ್ತು ಅದು ಎಲ್ಲಿ ಈಜುತ್ತಿದೆ ಎಂದು ತೋರಿಸುವ ನಕಾಶೆಯ ಕೊಂಡಿ ಬರುತ್ತವೆ. ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಮನೆಯ ಹಿರಿಯರ ಪ್ರಶ್ನೆಗಳು ಮಾತ್ರ ಬೇರೆ: ಈ ಹಣ ಯಾರ ಕೈ ಸೇರಿತು? ಆಮೆಗೆ ಅದರಿಂದ ಏನು ಬಂತು? ನಮ್ಮ ಕೊಂಕಣದ ಕಡಲಲ್ಲೇ ಆಮೆಗಳಿರುವಾಗ ಫ್ಲಾರಿಡಾದ ಆಮೆ ಏಕೆ? ಮೂರೂ ಸರಿಯಾದ ಪ್ರಶ್ನೆಗಳೇ. ಹಣ ಕಟ್ಟುವ ಮೊದಲೇ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಮೊದಲ ಹೆಜ್ಜೆ: ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಎಂದು ತಿಳಿಯಿರಿ

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೋ ಮೈಸೂರಿನ ಮೃಗಾಲಯದಲ್ಲೋ ಪ್ರಾಣಿಯನ್ನು ದತ್ತು ತೆಗೆದುಕೊಂಡರೆ ಹಣ ಅದರ ಆಹಾರ, ಆರೈಕೆಗೆ ಸಲ್ಲುತ್ತದೆ. ಕಡಲಾಮೆ ಹಾಗಲ್ಲ. ಅದು ಯಾರ ಹಂಗೂ ಇಲ್ಲದೆ ಏಡಿ, ಸಿಗಡಿ, ಲೋಳೆಮೀನು ಹುಡುಕಿ ತಿನ್ನುತ್ತದೆ. ಪ್ರಾಯೋಜಕರ ಹಣ ಹೋಗುವುದು ಬೆನ್ನಿಗೆ ಅಂಟಿಸುವ ಟ್ರಾನ್ಸ್‌ಮಿಟರ್‌ಗೆ (‘ಟ್ಯಾಗ್’ ಎನ್ನುವುದು ಇದನ್ನೇ), ಉಪಗ್ರಹ ಸೇವೆಯ ಶುಲ್ಕಕ್ಕೆ, ಸಂಶೋಧಕರ ಸಂಬಳಕ್ಕೆ, ರಾತ್ರಿಯಿಡೀ ಮರಳದಂಡೆ ಕಾಯುವವರ ಕೂಲಿಗೆ. ಯಾವುದಕ್ಕೆ ಎಷ್ಟು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ.

‘ಪ್ರಾಯೋಜಕತ್ವ’ ಎಂಬ ಹೆಸರಿನಲ್ಲಿ ಮೂರು ಬೇರೆಬೇರೆ ಸಂಗತಿಗಳು ನಡೆಯುತ್ತವೆ. ಒಂದು, ಸಾಂಕೇತಿಕ ದತ್ತು. ಒಂದೇ ಆಮೆಗೆ ನೂರಾರು ಮಂದಿ ಪ್ರಾಯೋಜಕರಿರುತ್ತಾರೆ; ಇದರಲ್ಲಿ ಮೋಸವೇನೂ ಇಲ್ಲ, ಸಂಸ್ಥೆ ಅದನ್ನು ಮುಚ್ಚಿಡದಿದ್ದರೆ ಸಾಕು. ಎರಡು, ಇಡೀ ಟ್ಯಾಗ್‌ನ ಖರ್ಚು ಹೊರುವುದು. ಉಪಕರಣವೇ ಲಕ್ಷದ ಲೆಕ್ಕದಲ್ಲಿರುವುದರಿಂದ ಇದು ಒಂದು ಮನೆಗೆ ಭಾರ. ಕನ್ನಡ ಸಂಘ, ಹೌಸಿಂಗ್ ಸೊಸೈಟಿ ಅಥವಾ ಕಂಪನಿಯೊಂದರ ಸಮಾಜಸೇವೆಯ (ಸಿಎಸ್‌ಆರ್) ವಿಭಾಗ ಸೇರಿ ಮಾಡುವ ಕೆಲಸವಿದು. ಮೂರು, ಗೂಡುಗಳ ರಕ್ಷಣೆಗೆ ಕೊಡುವುದು. ಇದರಲ್ಲಿ ನಕಾಶೆಯೂ ಇಲ್ಲ, ಹೆಸರಿಟ್ಟ ಆಮೆಯೂ ಇಲ್ಲ. ಕೊಂಕಣದ ಯಾವುದೋ ಹಳ್ಳಿಯ ಯುವಕನೊಬ್ಬ ಬೆಳಗಿನ ಜಾವ ದಂಡೆಯುದ್ದಕ್ಕೂ ನಡೆದು ಹೊಸ ಗೂಡು ಹುಡುಕುತ್ತಾನೆ, ಅಷ್ಟೆ. ನನ್ನನ್ನು ಕೇಳಿದರೆ, ಸಣ್ಣ ಮೊತ್ತ ಕೊಡುವವರು ಮೂರನೆಯದಕ್ಕೇ ಹೆಚ್ಚು ಕೊಡಬೇಕು. ಮಕ್ಕಳ ಕುತೂಹಲಕ್ಕೆ ಮೊದಲನೆಯದಕ್ಕೂ ಒಂದಿಷ್ಟು ಇರಲಿ.

ಎರಡನೆಯ ಹೆಜ್ಜೆ: ಟ್ಯಾಗ್ ಎಂದರೇನು, ನೋಡಿಕೊಳ್ಳಿ

ಆಲಿವ್ ರಿಡ್ಲೆ ಎಂಬ ಜಾತಿಯ ಹೆಣ್ಣು ಕಡಲಾಮೆ ರಾತ್ರಿ ಮರಳೇರಿ ಬಂದು, ಹಿಂಗಾಲುಗಳಿಂದ ಹೂಜಿಯಾಕಾರದ ಗುಂಡಿ ತೋಡಿ, ನೂರು ನೂರಿಪ್ಪತ್ತು ಮೊಟ್ಟೆ ಇಡುತ್ತದೆ. ಮೇಲೆ ಮರಳು ಮುಚ್ಚಿ, ತನ್ನ ಹೊಟ್ಟೆಯಿಂದಲೇ ಧಪಧಪ ಬಡಿದು ಗಟ್ಟಿ ಮಾಡುತ್ತದೆ. ಕಣ್ಣಿನಿಂದ ಉಪ್ಪುನೀರು ಇಳಿಯುತ್ತಿರುತ್ತದೆ. ಅದು ಅಳುವಲ್ಲ, ಮೈಯೊಳಗಿನ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ. ಮೊಟ್ಟೆ ಇಟ್ಟು ಮುಗಿಯುವವರೆಗೆ ಸಂಶೋಧಕರು ದೂರದಲ್ಲೇ ಕೂರುತ್ತಾರೆ. ಅದು ಕಡಲಿನತ್ತ ತಿರುಗಿದ ಮೇಲೆ ಮರದ ಚೌಕಟ್ಟೊಂದನ್ನು ಸುತ್ತ ಇಟ್ಟು ತಡೆದು, ಬೆನ್ನಚಿಪ್ಪಿನ ಮೇಲಿನ ಪಾಚಿ, ಕಪ್ಪೆಚಿಪ್ಪುಗಳನ್ನು ಉಜ್ಜಿ ತೆಗೆದು, ಒಣಗಿಸಿ, ಟ್ರಾನ್ಸ್‌ಮಿಟರ್ ಅನ್ನು ಎಪಾಕ್ಸಿ ಅಂಟಿನಿಂದ ಕೂರಿಸುತ್ತಾರೆ. ಅಂಟು ಗಟ್ಟಿಯಾಗುವವರೆಗೆ ಕಾಯಬೇಕು. ಆಮೇಲೆ ಆಮೆ ತನ್ನ ದಾರಿ ಹಿಡಿಯುತ್ತದೆ. ಗಂಡಾಮೆಗಳು ದಡಕ್ಕೆ ಬರುವುದೇ ಇಲ್ಲವಾದ್ದರಿಂದ ನೀವು ಪ್ರಾಯೋಜಿಸುವ ಆಮೆ ಬಹುಪಾಲು ಹೆಣ್ಣೇ.

ಕಡಲ ನೀರಿನೊಳಗಿಂದ ರೇಡಿಯೋ ಸಂಕೇತ ಹೊರಬರದು. ಆಮೆ ಉಸಿರಿಗೆಂದು ತಲೆ ಎತ್ತಿದಾಗ ಟ್ಯಾಗ್‌ನ ಸಂವೇದಕ ಗಾಳಿಗೆ ತೆರೆದುಕೊಂಡು ಸಂಕೇತ ಹೊರಡುತ್ತದೆ. ಆ ಹೊತ್ತಿಗೆ, ಇಂಥ ಟ್ಯಾಗ್‌ಗಳ ಜಾಡು ಹಿಡಿಯುವ ಆರ್ಗೋಸ್ ವ್ಯವಸ್ಥೆಯ ಉಪಗ್ರಹವೊಂದು ಮೇಲೆ ಹಾದುಹೋಗುತ್ತಿದ್ದರೆ ಅದನ್ನು ಹಿಡಿಯುತ್ತದೆ. ಫಾಸ್ಟ್ ಲೋಕಲ್ ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವಾಗ ಹಾರ್ನ್‌ನ ಸ್ವರ ಏರಿ ಇಳಿಯುತ್ತದಲ್ಲ, ಅದೇ ಡಾಪ್ಲರ್ ತತ್ತ್ವದಿಂದ ಆಮೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ.

ಇದು ನಮ್ಮ ಕಡೆಯೂ ನಡೆದಿದೆ. 2022ರ ಜನವರಿಯಲ್ಲಿ ರತ್ನಾಗಿರಿ ಜಿಲ್ಲೆಯ ವೇಳಾಸ್‌ನಲ್ಲಿ ‘ಪ್ರಥಮಾ’ ಎಂಬ ಆಲಿವ್ ರಿಡ್ಲೆಗೆ ಟ್ಯಾಗ್ ಹಾಕಲಾಯಿತು. ಮುಂದೆ ಸಾವನಿ, ವನಶ್ರೀ, ರೇವಾ, ಲಕ್ಷ್ಮಿ ಎಂಬ ಇನ್ನೂ ನಾಲ್ಕಕ್ಕೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ಮಹಾರಾಷ್ಟ್ರದ ಮ್ಯಾಂಗ್ರೋವ್ ಫೌಂಡೇಶನ್ ಸೇರಿ ಮಾಡಿದ ಕೆಲಸವಿದು. 2023ರ ಫೆಬ್ರವರಿಯಲ್ಲಿ ಗುಹಾಗರದಿಂದ ಹೊರಟ ‘ಬಾಗೇಶ್ರೀ’ ದಕ್ಷಿಣಕ್ಕೆ ಇಳಿದು, ಕರ್ನಾಟಕ ಕರಾವಳಿಯ ಕಡಲನ್ನೂ ದಾಟಿ, ಶ್ರೀಲಂಕೆಯನ್ನು ಬಳಸಿ ಬಂಗಾಳ ಕೊಲ್ಲಿಗೆ ಹೋಯಿತು. ಪಶ್ಚಿಮ ಕರಾವಳಿಯ ಆಮೆ ಅರಬ್ಬೀ ಸಮುದ್ರದಲ್ಲೇ ಉಳಿಯುತ್ತದೆ ಎಂದುಕೊಂಡಿದ್ದವರಿಗೆ ಅದು ಸುದ್ದಿ.

ಇನ್ನೊಂದು ಸುದ್ದಿ ಉಪಗ್ರಹವಿಲ್ಲದೆಯೇ ಬಂತು. 2025ರ ಜನವರಿಯಲ್ಲಿ ಗುಹಾಗರದ ದಂಡೆಯಲ್ಲಿ ಮೊಟ್ಟೆ ಇಡಲು ಬಂದ ಆಮೆಯೊಂದರ ಮುಂಗಾಲಿನಲ್ಲಿ ಲೋಹದ ಪುಟ್ಟ ಪಟ್ಟಿಯಿತ್ತು. ಮೇಲೆ 03233 ಎಂಬ ಸಂಖ್ಯೆ. ಅದನ್ನು ಹಾಕಿದ್ದು 2021ರಲ್ಲಿ, ಒಡಿಶಾದಲ್ಲಿ. ಪೂರ್ವ ಕರಾವಳಿಯಲ್ಲಿ ಕಂಡ ಹೆಣ್ಣಾಮೆ ಪಶ್ಚಿಮ ಕರಾವಳಿಯಲ್ಲಿ ಗೂಡು ಮಾಡಿದ್ದು ದಾಖಲಾಯಿತು. ಲಕ್ಷಗಟ್ಟಲೆಯ ಉಪಕರಣವೇ ಬೇಕೆಂದಿಲ್ಲ. ಕಡಿಮೆ ಬೆಲೆಯ ಪಟ್ಟಿ ಮತ್ತು ದಂಡೆಯಲ್ಲಿ ಕಣ್ಣಿಟ್ಟಿರುವ ಜನ ಇದ್ದರೂ ಇಷ್ಟು ತಿಳಿಯುತ್ತದೆ. ಆ ಜನರ ಕೂಲಿಗೆ ಹಣ ಕೊಡಿ ಎಂದು ನಾನು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಮೂರನೆಯ ಹೆಜ್ಜೆ: ಸಂಸ್ಥೆಯನ್ನು ಆರಿಸಿ, ಪರೀಕ್ಷಿಸಿ

ಮನೆಯಲ್ಲೇ ಕೂತು ನಕಾಶೆ ನೋಡುವ ಆಸೆ ಮುಖ್ಯವಾದರೆ ವಿದೇಶಿ ಸಂಸ್ಥೆಗಳ ವ್ಯವಸ್ಥೆ ಅಚ್ಚುಕಟ್ಟು. 1959ರಿಂದ ಕೆಲಸ ಮಾಡುತ್ತಿರುವ ಫ್ಲಾರಿಡಾದ ಸೀ ಟರ್ಟಲ್ ಕನ್ಸರ್ವೆನ್ಸಿ 2008ರಿಂದ ‘ಟೂರ್ ಡಿ ಟರ್ಟಲ್ಸ್’ ಎಂಬ ಆಮೆಗಳ ವಲಸೆಯ ಓಟ ನಡೆಸುತ್ತಿದೆ. ಜಾಡು ಹಿಡಿಯಲಾದ ಆಮೆಗಳನ್ನು ದತ್ತು ಪಡೆಯುವ ಅವಕಾಶವೂ ಅಲ್ಲಿದೆ. ದುಡ್ಡು ಈ ದೇಶದ ಕಡಲಿಗೇ ಸಲ್ಲಬೇಕು ಎನ್ನುವವರು ಬೇರೆ ಕಡೆ ನೋಡಬೇಕು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ 2002ರಿಂದ ವೇಳಾಸ್ ಮತ್ತು ಸುತ್ತಲಿನ ದಂಡೆಗಳಲ್ಲಿ ಗೂಡು ರಕ್ಷಣೆ ಬೆಳೆಸಿದ ಸಂಸ್ಥೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಒಡಿಶಾದ ಋಷಿಕುಲ್ಯದಲ್ಲೂ ಅಂಡಮಾನಿನಲ್ಲೂ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ಲಿಟ್ಲ್ ಅಂಡಮಾನಿನಲ್ಲಿ ಟ್ಯಾಗ್ ಹಾಕಿಸಿಕೊಂಡ ಲೆದರ್‌ಬ್ಯಾಕ್ ಆಮೆಗಳಲ್ಲಿ ಒಂದು 13,000 ಕಿಲೋಮೀಟರ್‌ಗೂ ಹೆಚ್ಚು ಈಜಿ ಆಫ್ರಿಕಾದ ಮೊಜಾಂಬಿಕ್ ಕಡಲು ಮುಟ್ಟಿದ್ದು ಇಂಥ ಅಧ್ಯಯನದಿಂದಲೇ ಗೊತ್ತಾದದ್ದು.

ಸಂಸ್ಥೆ ಯಾವುದೇ ಇರಲಿ, ಹಣ ಕಟ್ಟುವ ಮುನ್ನ ಈ ಬಗೆಯ ಒಂದು ಇಮೇಲ್ ಕಳುಹಿಸಿ. ಭಾಷೆ ಕನ್ನಡವೋ ಮರಾಠಿಯೋ ಇಂಗ್ಲಿಷೋ, ವಿಷಯ ಇಷ್ಟಿರಲಿ:

“ನಮಸ್ಕಾರ. ನಾವು ಮುಂಬಯಿಯ ಒಂದು ಕುಟುಂಬ. ಕಡಲಾಮೆ ಪ್ರಾಯೋಜಕತ್ವದ ಬಗ್ಗೆ ಕೆಲವು ವಿವರ ಬೇಕಿತ್ತು. ನಮ್ಮ ಹಣದಲ್ಲಿ ಎಷ್ಟು ಭಾಗ ಟ್ಯಾಗ್‌ಗೆ, ಎಷ್ಟು ದಂಡೆಯ ಕೆಲಸಕ್ಕೆ ಹೋಗುತ್ತದೆ? ಟ್ಯಾಗ್ ಹಾಕಲು ಯಾರ ಅನುಮತಿ ಪಡೆದಿದ್ದೀರಿ? ಸಂಕೇತ ನಿಂತುಹೋದರೆ ಪ್ರಾಯೋಜಕರಿಗೆ ಏನು ತಿಳಿಸುತ್ತೀರಿ? ಕಳೆದ ವರ್ಷದ ವರದಿ ಓದಲು ಸಿಗಬಹುದೇ? ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಕೊಡುತ್ತೀರಾ?”

ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಕಡಲಾಮೆಗಳಿವೆ, ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಅನುಮತಿಯಿಲ್ಲದೆ ಅವನ್ನು ಹಿಡಿಯುವಂತಿಲ್ಲ, ಟ್ಯಾಗ್ ಹಾಕುವುದಂತೂ ದೂರದ ಮಾತು. ಅನುಮತಿಯ ಮಾತೆತ್ತಿದಾಗ ನುಣುಚಿಕೊಳ್ಳುವವರಿಗೆ ಒಂದು ರೂಪಾಯಿಯೂ ಬೇಡ. ಮರಿಗಳನ್ನು ಅಂಗೈಯಲ್ಲಿಟ್ಟು ಸೆಲ್ಫಿ ತೆಗೆಸಿಕೊಳ್ಳುವ ಚಿತ್ರಗಳನ್ನೇ ಜಾಹೀರಾತು ಮಾಡಿಕೊಂಡವರ ವಿಷಯದಲ್ಲೂ ನನಗೆ ಅನುಮಾನವೇ. ಟ್ರಸ್ಟ್ ಮಹಾರಾಷ್ಟ್ರದ್ದಾದರೆ ಚಾರಿಟಿ ಕಮಿಷನರ್ ಬಳಿಯ ನೋಂದಣಿ ಸಂಖ್ಯೆ ಇರಬೇಕು. ಸ್ವಯಂಸೇವಾ ಸಂಸ್ಥೆಗಳ ಪಟ್ಟಿಯಿರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ಹೆಸರು ಹುಡುಕಬಹುದು.

ನಾಲ್ಕನೆಯ ಹೆಜ್ಜೆ: ಹಣ ಕಟ್ಟುವುದು

ಭಾರತದ ಸಂಸ್ಥೆಯಾದರೆ ಯುಪಿಐ ಅಥವಾ ಚೆಕ್ ಸಾಕು. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಸಾಮಾನ್ಯವಾಗಿ ಕೊಟ್ಟ ಮೊತ್ತದ ಅರ್ಧದಷ್ಟಕ್ಕೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ಸಿಗದು. ಪ್ಯಾನ್ ಸಂಖ್ಯೆಯನ್ನು ಆಗಲೇ ಕೊಟ್ಟುಬಿಡಿ. ಬರೀ ರಸೀದಿ ಸಾಲದು; ಸಂಸ್ಥೆ ಆದಾಯ ತೆರಿಗೆ ಇಲಾಖೆಗೆ ವಿವರ ಸಲ್ಲಿಸಿದ ಮೇಲೆ ಹೊರಡುವ ದಾನದ ಪ್ರಮಾಣಪತ್ರವೇ ಬೇಕು.

ವಿದೇಶಿ ಸಂಸ್ಥೆಗೆ ಕೊಟ್ಟರೆ ಈ ವಿನಾಯಿತಿ ಇಲ್ಲ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲು ಚಾಲೂ ಮಾಡಿಕೊಳ್ಳಬೇಕು, ಬ್ಯಾಂಕು ವಿನಿಮಯದ ಮೇಲೆ ಶುಲ್ಕ ಹಾಕುತ್ತದೆ. ‘ಪ್ರತಿ ತಿಂಗಳೂ’ ಎಂಬ ಚೌಕ ಮೊದಲೇ ಗುರುತಾಗಿರುವುದುಂಟು, ನೋಡಿ ತೆಗೆಯಿರಿ. ಬಟ್ಟೆಯ ಗೊಂಬೆ ಆಮೆ ಅಂಚೆಯಲ್ಲಿ ಬರುವ ಆಯ್ಕೆ ಬೇಡ: ಸಾಗಣೆ ವೆಚ್ಚ ಒಂದು, ಕಸ್ಟಮ್ಸ್ ಸುಂಕ ಬಿದ್ದರೆ ಅದೊಂದು. ಇಮೇಲ್‌ನಲ್ಲಿ ಬರುವ ಪ್ರಮಾಣಪತ್ರವನ್ನು ಮಾಟುಂಗಾದ ಯಾವುದಾದರೂ ಅಂಗಡಿಯಲ್ಲಿ ಮುದ್ರಿಸಿ ಚೌಕಟ್ಟು ಹಾಕಿಸಿದರೆ ಅದಕ್ಕಿಂತ ಚೆಂದ ಕಾಣುತ್ತದೆ.

ದುಬೈಯಲ್ಲಿರುವ ಅಣ್ಣ ಇಲ್ಲಿನ ಟ್ರಸ್ಟ್‌ಗೆ ಕೊಡುತ್ತೇನೆಂದರೆ ಒಂದು ಮಾತು ಕೇಳಿಕೊಳ್ಳಿ. ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಗಳಿಕೆಯನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಮಾವನ ಹಣವಾದರೆ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿರುವ ಟ್ರಸ್ಟ್ ಮಾತ್ರ ಅದನ್ನು ಸ್ವೀಕರಿಸಬಹುದು.

ಐದನೆಯ ಹೆಜ್ಜೆ: ನಕಾಶೆ ಓದುವುದು

ಪ್ರಾಯೋಜಕರು ಗಾಬರಿಪಡುವುದು ಇಲ್ಲೇ. ಒಂದು ಬೆಳಿಗ್ಗೆ ನಕಾಶೆ ತೆರೆದರೆ ನಿಮ್ಮ ಆಮೆ ದಡ ದಾಟಿ ಹೆದ್ದಾರಿಯ ಪಕ್ಕ ಕೂತಿರುತ್ತದೆ! ಆಮೆ ಅಲ್ಲಿಗೆ ಹೋಗಿಲ್ಲ. ಆರ್ಗೋಸ್ ಪ್ರತಿ ಬಿಂದುವಿಗೂ ಒಂದು ದರ್ಜೆ ಕೊಡುತ್ತದೆ. 3ನೇ ದರ್ಜೆಯ ಬಿಂದುವಿನಲ್ಲಿ ತಪ್ಪು 250 ಮೀಟರಿನೊಳಗೆ. 1ನೇ ದರ್ಜೆಯಲ್ಲಿ ಒಂದೂವರೆ ಕಿಲೋಮೀಟರಿನವರೆಗೆ. 0 ಎಂದರೆ ಅದಕ್ಕೂ ಹೆಚ್ಚು. ಎ ಮತ್ತು ಬಿ ದರ್ಜೆಗಳಲ್ಲಿ ತಪ್ಪು ಎಷ್ಟೆಂಬ ಅಂದಾಜೇ ಇಲ್ಲ. ಆಮೆ ನೀರಿನ ಮೇಲಿರುವುದು ಸ್ವಲ್ಪ ಹೊತ್ತು ಮಾತ್ರವಾದ್ದರಿಂದ ಉಪಗ್ರಹಕ್ಕೆ ಕೆಲವೇ ಸಂಕೇತ ಸಿಕ್ಕಿ, ಇಂಥ ಕೆಳದರ್ಜೆಯ ಬಿಂದುಗಳು ಬರುತ್ತಲೇ ಇರುತ್ತವೆ. ಜವಾಬ್ದಾರಿಯ ಸಂಸ್ಥೆಗಳು ಅವನ್ನು ಸೋಸಿಯೇ ನಕಾಶೆಗೆ ಏರಿಸುತ್ತವೆ.

ಬಿಂದುಗಳನ್ನು ಜೋಡಿಸುವ ಗೆರೆಯನ್ನೂ ನಂಬಬೇಡಿ. ಸೋಮವಾರ ಇಲ್ಲಿ, ಗುರುವಾರ ಅಲ್ಲಿ ಎಂದಷ್ಟೇ ಗೊತ್ತು; ನಡುವೆ ಹೇಗೆ ಹೋಯಿತೋ ಆಮೆಗೇ ಗೊತ್ತು. ಮಕ್ಕಳಿಗೆ ದಿನವೂ ನಕಾಶೆ ತೋರಿಸುವ ಬದಲು ವಾರಕ್ಕೊಮ್ಮೆ ಅಕ್ಷಾಂಶ, ರೇಖಾಂಶ ಬರೆದುಕೊಂಡು ಗೋಡೆಯ ಭೂಪಟದಲ್ಲಿ ಗುಂಡುಸೂಜಿ ಚುಚ್ಚಿಸಿ. ಆಮೆ ಒಂದೇ ಕಡೆ ವಾರಗಟ್ಟಲೆ ಸುತ್ತುತ್ತಿದ್ದರೆ ಅಲ್ಲಿ ಮೇವು ಚೆನ್ನಾಗಿರಬಹುದು, ಅಥವಾ ಮತ್ತೊಮ್ಮೆ ಮೊಟ್ಟೆ ಇಡಲು ದಂಡೆಯ ಬಳಿಯೇ ಕಾಯುತ್ತಿರಬಹುದು. ಟ್ರಾಲರ್‌ಗಳ ದಟ್ಟಣೆ ಇರುವ ಕಡೆಯೇ ಅದು ಉಳಿದಿದ್ದರೆ ಆ ಮಾಹಿತಿಯೇ ಸಂಶೋಧಕರಿಗೆ ಬೇಕಾದದ್ದು: ಎಲ್ಲಿ, ಯಾವ ತಿಂಗಳು ಬಲೆಯ ಅಪಾಯ ಹೆಚ್ಚು ಎಂಬುದು.

ಆರನೆಯ ಹೆಜ್ಜೆ: ಸಂಕೇತ ನಿಂತಾಗ

ನಿಲ್ಲುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಕೊಂಕಣದ ಮೊದಲ ಐದರಲ್ಲಿ ಒಂದರ ಸಂಕೇತ ಬಹು ಬೇಗ ನಿಂತುಹೋಗಿತ್ತು. ಬ್ಯಾಟರಿ ಮುಗಿಯಬಹುದು, ಆಂಟೆನಾ ಮುರಿಯಬಹುದು, ಟ್ಯಾಗ್ ಮೇಲೆಲ್ಲ ಕಪ್ಪೆಚಿಪ್ಪು ಬೆಳೆದು ಸಂವೇದಕ ಮುಚ್ಚಬಹುದು, ಚಿಪ್ಪಿನ ಮೇಲ್ಪದರ ಉದುರುವಾಗ ಟ್ಯಾಗ್ ಕಳಚಬಹುದು. ಆಮೆ ಸತ್ತಿರಲೂಬಹುದು. ಇವುಗಳಲ್ಲಿ ಯಾವುದೆಂದು ಬಹಳ ಸಲ ಹೇಳಲಾಗದು. ‘ನಿಮ್ಮ ಆಮೆ ಸುಖವಾಗಿದೆ’ ಎಂದು ಬೆಣ್ಣೆ ಹಚ್ಚುವ ಸಂಸ್ಥೆಗಿಂತ ‘ಇಂಥ ದಿನದಿಂದ ಸಂಕೇತವಿಲ್ಲ, ಕಾರಣ ಗೊತ್ತಿಲ್ಲ’ ಎಂದು ಒಂದು ಸಾಲು ಬರೆಯುವ ಸಂಸ್ಥೆಗೆ ಮರುವರ್ಷವೂ ಹಣ ಕೊಡಿ. ಬದಲಿ ಆಮೆ ಕೊಡಿ ಎಂದು ಜಗಳಕ್ಕೆ ನಿಲ್ಲಬೇಡಿ.

ಏಳನೆಯ ಹೆಜ್ಜೆ: ದಂಡೆಗೆ ಹೋಗಿ

ಕೊಂಕಣದಲ್ಲಿ ಗೂಡು ಕಟ್ಟುವ ಕಾಲ ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್. ಮೊಟ್ಟೆಗಳನ್ನು ದಂಡೆಯಲ್ಲೇ ಬೇಲಿ ಹಾಕಿದ ಜಾಗಕ್ಕೆ ಸಾಗಿಸಿ, ಅಷ್ಟೇ ಆಳದ ಗುಂಡಿಯಲ್ಲಿಟ್ಟು ಕಾಯುತ್ತಾರೆ. 45ರಿಂದ 60 ದಿನಗಳಲ್ಲಿ ಮರಿ ಹೊರಬರುತ್ತದೆ. ಮರಳು ಬೆಚ್ಚಗಿದ್ದಷ್ಟೂ ಹೆಣ್ಣುಮರಿಗಳು ಹೆಚ್ಚು. ಗೂಡಿನ ಮೇಲೆ ಬುಟ್ಟಿ ಬೋರಲು ಹಾಕಿರುತ್ತಾರೆ. ಬೆಳಿಗ್ಗೆ, ಸಂಜೆ ಅದನ್ನೆತ್ತಿ ನೋಡಿ, ಮರಿಗಳಿದ್ದರೆ ನೀರಿನಿಂದ ಸ್ವಲ್ಪ ದೂರದಲ್ಲಿ ಬಿಡುತ್ತಾರೆ. ವೇಳಾಸ್‌ನ ಕಾಸವ್ (ಮರಾಠಿಯಲ್ಲಿ ಆಮೆ) ಮಹೋತ್ಸವದಲ್ಲಿ ಇದನ್ನು ನೋಡಬಹುದು. ಪುಣೆಯಿಂದಲೂ ಮುಂಬಯಿಯಿಂದಲೂ ಮಂಡಣಗಡದ ಮೂಲಕ ದಾರಿಯಿದೆ. ಹರಿಹರೇಶ್ವರದ ಕಡೆಯಿಂದ ಬರುವವರು ಬಾಗಮಾಂಡ್ಲಾದಲ್ಲಿ ಫೆರ್ರಿ ಹತ್ತಿ ಸಾವಿತ್ರಿ ನದಿಯ ಅಳಿವೆ ದಾಟಬಹುದು. ವಸತಿ, ಊಟ ಹಳ್ಳಿಯ ಮನೆಗಳಲ್ಲೇ. ಅಲ್ಲಿ ಕೊಡುವ ಬಾಡಿಗೆಯೂ ಒಂದು ಪ್ರಾಯೋಜಕತ್ವವೇ, ಏಕೆಂದರೆ ಹಿಂದೆ ಮೊಟ್ಟೆ ಅಗೆದು ಮಾರುತ್ತಿದ್ದ ಊರುಗಳಿಗೆ ಗೂಡು ಉಳಿಸುವುದರಲ್ಲೇ ಲಾಭ ಕಾಣುವಂತಾಗಿದ್ದು ಇಂಥ ಪ್ರವಾಸಿಗರಿಂದ. ಹೋಗುವ ಮುನ್ನ ಫೋನ್ ಮಾಡಿ ಗೂಡುಗಳು ಯಾವಾಗ ಒಡೆಯಬಹುದು ಎಂದು ಕೇಳಿ. ಹಾಗಿದ್ದೂ ಬುಟ್ಟಿಯ ಕೆಳಗೆ ಬರೀ ಮರಳೇ ಕಾಣಬಹುದು.

ಗೋವಾದ ವಾಸ್ಕೋ, ಮಾಪ್ಸಾಗಳಲ್ಲಿರುವ ಕನ್ನಡಿಗರಿಗೆ ಇಷ್ಟು ದೂರದ ಪ್ರಯಾಣ ಬೇಡ. ಮೊರ್ಜಿಮ್, ಅಗೋಂದ, ಗಾಲ್ಜಿಬಾಗ್ ದಂಡೆಗಳಲ್ಲಿ ಅರಣ್ಯ ಇಲಾಖೆಯೇ ಗೂಡು ಕಾಯುತ್ತದೆ. ಎಲ್ಲೇ ಹೋದರೂ ಕ್ಯಾಮೆರಾದ ಫ್ಲಾಷ್ ಬೇಡ, ಬಿಳಿ ಟಾರ್ಚ್ ಬೇಡ, ಮರಿಯನ್ನು ಮುಟ್ಟುವುದು ಬೇಡ. ಬೆಳಕು ಕಂಡತ್ತ ಮರಿಗಳು ತಿರುಗಿಬಿಡುತ್ತವೆ. ಅಗೋಂದದಂಥ ಪ್ರವಾಸಿ ದಂಡೆಯಲ್ಲಿ ರೆಸ್ಟೊರೆಂಟಿನ ದೀಪ ನಾಯಿಗಿಂತ ದೊಡ್ಡ ಶತ್ರು.

ಮಳೆಗಾಲದ ಒಂದು ಮಾತು

ಜೂನ್ ಕಳೆದರೆ ಮುಂಬಯಿಯ ಜುಹು, ವರ್ಸೋವಾ ದಂಡೆಗಳಿಗೆ ಗಾಯಗೊಂಡ ಆಮೆಗಳು ಅಲೆಗಳ ಜೊತೆ ಬಂದು ಬೀಳುತ್ತವೆ. ಕೆಲವಕ್ಕೆ ಬಿಸಾಡಿದ ಬಲೆ ಸುತ್ತಿ ಮುಂಗಾಲೇ ತುಂಡಾಗಿರುತ್ತದೆ. ವರ್ಸೋವಾದಲ್ಲಿ 2018ರ ಮಾರ್ಚ್‌ನಲ್ಲಿ, ಜನ ಸೇರಿ ಕಸ ತೆಗೆದ ದಂಡೆಯಲ್ಲಿ, ಸುಮಾರು ಎರಡು ದಶಕಗಳ ನಂತರ ಆಲಿವ್ ರಿಡ್ಲೆ ಮರಿಗಳು ಕಂಡಿದ್ದವು ಎಂಬುದನ್ನೂ ನೆನೆಯಬೇಕು. ದಂಡೆಗೆ ಬಿದ್ದ ಆಮೆಯನ್ನು ಮತ್ತೆ ನೀರಿಗೆ ತಳ್ಳುವುದು ತಪ್ಪು. ಶಕ್ತಿಯಿಲ್ಲದೆ ಬಂದದ್ದು ಮುಳುಗಿ ಸಾಯುತ್ತದೆ. ನಾಯಿ, ಜನಜಂಗುಳಿಯನ್ನು ದೂರವಿಟ್ಟು, ಒದ್ದೆ ಬಟ್ಟೆಯನ್ನು ಮೂಗು ಮುಚ್ಚದಂತೆ ಬೆನ್ನ ಮೇಲೆ ಹೊದಿಸಿ, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಡಹಾಣುವಿನಲ್ಲಿ ಕಡಲಾಮೆಗಳಿಗೆಂದೇ ಚಿಕಿತ್ಸಾ ಕೇಂದ್ರವಿದೆ.

ಮೀನುಗಾರಿಕೆಯಲ್ಲಿರುವ ನಮ್ಮ ಕರಾವಳಿಯ ಬಂಧುಗಳು ಮುಂಬಯಿ, ರತ್ನಾಗಿರಿ ಬಂದರುಗಳ ದೋಣಿಗಳಲ್ಲಿ ದುಡಿಯುತ್ತಿದ್ದರೆ ಅವರಿಗೊಂದು ಸುದ್ದಿ ಮುಟ್ಟಿಸಿ. ಬಲೆಗೆ ಸಿಕ್ಕ ಆಮೆ ಅಥವಾ ಬೇರೆ ಸಂರಕ್ಷಿತ ಜೀವಿಯನ್ನು ಬಲೆ ಕತ್ತರಿಸಿ ಬಿಟ್ಟರೆ, ಹಾನಿಗೆ 25,000 ರೂಪಾಯಿಯವರೆಗೆ ಪರಿಹಾರ ಕೊಡುವ ಯೋಜನೆಯನ್ನು ಮಹಾರಾಷ್ಟ್ರ ತಂದಿದೆ. ಬಿಡುಗಡೆ ಮಾಡುವಾಗಿನ ಫೋಟೋ ಅಥವಾ ವಿಡಿಯೋ ಇಟ್ಟುಕೊಂಡರೆ ಅರ್ಜಿ ಹಾಕುವುದು ಸುಲಭ. ಅರ್ಜಿ ನಮೂನೆ ಮರಾಠಿಯಲ್ಲಿ ಇರುತ್ತದೆ. ತುಂಬಿಕೊಡುವ ಕೆಲಸವನ್ನು ಓದುಬರಹ ಬಲ್ಲ ಸಂಘದ ಹುಡುಗರು ವಹಿಸಿಕೊಳ್ಳಬಹುದು.